ನಗೆಯ ತಳಪಾಯ

ನನ್ನ ಹೆಂಡತಿ ನಗುವುದನ್ನು ನಿಲ್ಲಿಸಿಬಿಟ್ಟಳು.

ಇದು ಎಲ್ಲ ಗಂಡಂದಿರ ಎಂದಿನ ದೂರು ಎಂದು ಓದುಗರು ತಳ್ಳಿಹಾಕಬಾರದೆಂದು ಬೇಡುತ್ತೇನೆ. ಬೇರೆಯವರ ಮನೆಯಲ್ಲಿ ಹೆಂಡತಿ ನಗದಿದ್ದರೆ ಹೆಚ್ಚೆಂದರೆ ಒಂದು ಹೊತ್ತಿನ ಊಟ ಸಪ್ಪೆಯಾದೀತು. ನನ್ನ ಮನೆಯಲ್ಲಿ ಹಾಗಲ್ಲ. ನನ್ನ ಕೀರ್ತಿಯೆಂಬ ಸೌಧವು ಆ ಒಂದು ನಗೆಯ ಮೇಲೆ ನಿಂತಿತ್ತು. ಕಂಬ ಸರಿದ ಮೇಲೆ ಚಾವಣಿಯ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ.

ನಾನು ಕಾಲೇಜಿನಲ್ಲಿ ಹಳೆಯ ಗದ್ಯವನ್ನು ಪಾಠ ಹೇಳುವವನು. ಬೆಳಿಗ್ಗೆ ಎದ್ದು, ಮಿಂದು, ದೇವರ ಮುಂದೆ ಕೈಮುಗಿದು ಕುಳಿತು, ಅನಂತರವೇ ಬಾಯಿ ತೆರೆಯಬೇಕೆಂಬುದು ನನ್ನ ನಿಯಮ. (ತೆರೆದ ಬಾಯನ್ನು ಮುಚ್ಚುವುದಕ್ಕೂ ಒಂದು ನಿಯಮವಿದ್ದಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.) ಪಾಠದಲ್ಲಿ ನಾನು ಗಂಭೀರ. ಆದರೆ ಕಾಲೇಜಿನಲ್ಲಿ ಯಾರೇ ನಿವೃತ್ತರಾಗಲಿ, ಬೀಳ್ಕೊಡುಗೆಯ ಸಭೆಯಲ್ಲಿ ಹಾಸ್ಯಭಾಷಣ ನನ್ನದೇ. ಅದರಲ್ಲಿಯೂ ನನ್ನ ಛತ್ರಿಯ ಪ್ರಸಂಗ ಹೆಸರಾದದ್ದು. ಅದನ್ನು ಕೇಳದೆ ಆ ಸಂಸ್ಥೆಯಿಂದ ಯಾರೂ ಮನೆಗೆ ಹೋದದ್ದಿಲ್ಲ.

ಇಂಥ ಪ್ರತಿಯೊಂದು ಸಭೆಯಲ್ಲಿಯೂ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ನನ್ನ ಹೆಂಡತಿ ಕುಳಿತಿರುತ್ತಿದ್ದಳು. ಹಾಸ್ಯದ ತುದಿ ಸಮೀಪಿಸುತ್ತಿದ್ದಂತೆ ಮೊದಲು ಅವಳ ಮೂಗಿನಲ್ಲಿ ಸಣ್ಣದೊಂದು ಸೀಟಿ ಹುಟ್ಟುವುದು. ಬಳಿಕ ಭುಜಗಳೆರಡೂ ಕುಣಿಯುವುವು. ಬಳಿಕ ಬಾವಿಗೆ ಕೊಡ ಬಿದ್ದಂಥ ಒಂದು ಶಬ್ದ. ಅದರ ಹಿಂದೆಯೇ ಕಟ್ಟೆಯೊಡೆದ ಪ್ರವಾಹ. (ಪ್ರವಾಹವೆಂಬ ಶಬ್ದವನ್ನು ನಾನು ಆ ಕಾಲದಲ್ಲಿ ಕೇವಲ ಅಲಂಕಾರವಾಗಿ ಬಳಸುತ್ತಿದ್ದೆ.) ಅವಳು ನಕ್ಕರೆ ಸಭೆಯೆಲ್ಲ ನಗುತ್ತಿತ್ತು. ಹಾಸ್ಯವೆಂದರೇನೆಂದು ಅರಿಯದ ನಮ್ಮ ಗಣಿತದ ಮೇಷ್ಟ್ರು ಕೂಡ ಅವಳ ಭುಜವನ್ನೇ ನೋಡುತ್ತ ಕುಳಿತು, ಅದು ಕುಣಿದ ಕೂಡಲೇ ತಪ್ಪದೆ ನಗುತ್ತಿದ್ದರು.

ಇಂಥವಳು, ಪ್ರಯೋಗಶಾಲೆಯ ಸಹಾಯಕರ ಬೀಳ್ಕೊಡುಗೆಯ ದಿನ, ಛತ್ರಿಯು ಇನ್ನೂ ಅರ್ಧ ಬಿಚ್ಚಿಕೊಂಡಿರುವಾಗಲೇ ತುಟಿ ಬಿಗಿದು, ಕೈಚೀಲವನ್ನು ಅವುಚಿಕೊಂಡು, ಎದ್ದು ಹೊರಟುಹೋದಳು. ನಾನು ಛತ್ರಿಯನ್ನು ಹೇಗೋ ಪೂರ್ತಿ ಬಿಚ್ಚಿದೆ. ಸಭಾಂಗಣದಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸಿತು. ಗಣಿತದ ಮೇಷ್ಟ್ರು ಖಾಲಿ ಕುರ್ಚಿಯನ್ನು ನೋಡಿ, ನನ್ನನ್ನು ನೋಡಿ, ಏನೂ ತೋಚದೆ ಕನ್ನಡಕ ಒರೆಸಿಕೊಂಡರು.

ಮನೆಯಲ್ಲಿಯೂ ಅದೇ ಕಥೆ. ಊಟದ ಮೇಜಿನಲ್ಲಿ ನಾನು ತಮಾಷೆಗೆ ಪೀಠಿಕೆ ಹಾಕುವಷ್ಟರಲ್ಲಿ ಅವಳಿಗೆ ಅಡುಗೆಮನೆಯಲ್ಲಿ ಕೆಲಸ ನೆನಪಾಗುವುದು. ಗೇಟಿನ ಮುಂದಿನ ನೀರಿನ ಗುಂಡಿಯನ್ನು ಹಿಂದೆ ಹುಡುಗಿಯಂತೆ ಹಾರಿ ದಾಟುತ್ತಿದ್ದವಳು ಈಗ ಅದಕ್ಕೆ ಪ್ರದಕ್ಷಿಣೆ ಹಾಕಿ ಬರುತ್ತಿದ್ದಳು. ಸೀನು ಬಂದರಂತೂ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಮೊಣಕಾಲಿಗೆ ಮೊಣಕಾಲು ಹೆಣೆದು, ಪ್ರಾಚೀನ ಶಿಲ್ಪದ ತ್ರಿಭಂಗಿಯಲ್ಲಿ ನಿಂತೇ ಸೀನುತ್ತಿದ್ದಳು. ನಾನು ಇದನ್ನೆಲ್ಲ ಕೋಪದ ಲಕ್ಷಣವೆಂದು ಬಗೆದೆ. ಕುಂಟುತ್ತಿದ್ದ ಕುರ್ಚಿಯ ಕಾಲನ್ನು ಸರಿಪಡಿಸಿದೆ. ಅವಳು ಓದುವ ದೀಪಕ್ಕೆ ಹೊಸ ಬಲ್ಬು ಹಾಕಿದೆ. ಅವಳ ತವರಿನವರನ್ನು ಹೊಗಳಿದೆ. ಈ ಮೂರನೆಯದರಿಂದ ಅವಳು ಹೆದರಿಕೊಂಡು, ನನಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡಿದಳು. ನಗಲಿಲ್ಲ.

ಆ ಹೊತ್ತಿಗೆ ನನ್ನದೇ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ನನ್ನ ಬೀಳ್ಕೊಡುಗೆಯಲ್ಲಿ ನಾನೇ ಮಾತನಾಡಬೇಕು. ಛತ್ರಿಯನ್ನು ಕೊನೆಯ ಬಾರಿ ಬಿಚ್ಚಬೇಕು. ಅವಳು ಮುಂದಿನ ಸಾಲಿನಲ್ಲಿ ಕುಳಿತು ನಗಬೇಕು. ಇಷ್ಟೇ ನನ್ನ ಆಸೆ. ಅದನ್ನು ಹೇಳಿದಾಗ ಅವಳು ಮಡಿಸುತ್ತಿದ್ದ ಬಟ್ಟೆಯಿಂದ ತಲೆಯೆತ್ತದೆ, "ನೀವು ಹೋಗಿ ಬನ್ನಿ. ನಾನು ಮನೇಲೇ ಇರ್ತೀನಿ" ಎಂದಳು. ಆ ರಾತ್ರಿ ದೇವರ ಮುಂದೆ ಕುಳಿತವನು ಲೋಕಕ್ಷೇಮವನ್ನು ಬೇಡುವುದನ್ನೂ ಮರೆತು ಒಂದು ನಗೆಯನ್ನು ಬೇಡಿದೆ.

ದೇವರು ನನ್ನ ನಾದಿನಿಯನ್ನು ಕಳಿಸಿದ.

ಈಕೆ ಎರಡು ಬೀದಿ ಆಚೆ ಇರುವವಳು; ಚಿಕಿತ್ಸಾಲಯವೊಂದರಲ್ಲಿ ಫಿಸಿಯೋಥೆರಪಿಸ್ಟ್. ಜನರ ಕೈಕಾಲುಗಳನ್ನು ತಿರುಚಿ ನೆಟ್ಟಗೆ ಮಾಡುವ ವೃತ್ತಿಯಾದುದರಿಂದ ಮಾತನ್ನು ಮಾತ್ರ ತಿರುಚುವುದಿಲ್ಲ. ಭಾನುವಾರ ಬಂದು, ಕಿತ್ತಳೆ ಸುಲಿಯುತ್ತ, ನನ್ನ ಗೋಳನ್ನೆಲ್ಲ ಕೇಳಿಸಿಕೊಂಡು, ಅಕ್ಕನ ಮುಖವನ್ನು ಒಮ್ಮೆ ನೋಡಿದಳು.

"ಭಾವ, ಅಕ್ಕನಿಗೆ ನಿಮ್ಮ ಮೇಲೆ ಕೋಪಾನೂ ಇಲ್ಲ, ಏನೂ ಇಲ್ಲ. ನಕ್ಕರೆ ಸೋರುತ್ತೆ, ಅಷ್ಟೇ."

ನಾನು ಅಭ್ಯಾಸಬಲದಿಂದ ತಲೆಯೆತ್ತಿ ಚಾವಣಿಯನ್ನು ನೋಡಿದೆ.

"ಹೇಳಬೇಡ ಅಂದಿದ್ನಲ್ಲೇ" ಎಂದು ನನ್ನ ಹೆಂಡತಿ ಮುಖ ಮುಚ್ಚಿಕೊಂಡಳು.

"ಹೇಳದೆ ಹೇಳದೆ ಎಲ್ಲಿಗೆ ಬಂದಿದ್ದೀಯ ನೋಡು. ಸೀನೋಕೆ ಹೆದರ್ತೀಯ, ನಗೋಕೆ ಹೆದರ್ತೀಯ. ನನ್ನ ಹತ್ರ ಬರೋ ಹೆಂಗಸರೆಲ್ಲ ಹೀಗೇ, ಪ್ರತಿಯೊಬ್ಬಳೂ ತನಗೊಬ್ಬಳಿಗೇ ಅಂದ್ಕೊಂಡಿರ್ತಾಳೆ."

ಆಮೇಲೆ ಅವಳು ತಿಳಿಯಹೇಳಿದಳು. ಸೊಂಟದ ಮೂಳೆಗಳ ನಡುವೆ, ಮುಂದಿನಿಂದ ಹಿಂದಕ್ಕೆ, ಜೋಲಿಯಂತೆ ಬಿಗಿದ ಸ್ನಾಯುಗಳಿವೆಯಂತೆ. ಮೂತ್ರಕೋಶವೇ ಮೊದಲಾದ ಒಳಗಿನ ಸಂಸಾರವೆಲ್ಲ ಕುಳಿತಿರುವುದು ಆ ಜೋಲಿಯ ಮೇಲೆ. ಮೂರು ಹೆರಿಗೆ, ಅದರ ಮೇಲೆ ವಯಸ್ಸು, ಜೋಲಿ ಸಡಿಲವಾಗುತ್ತದೆ. ಆಗ ಕೆಮ್ಮಿದರೆ, ಸೀನಿದರೆ, ನಕ್ಕರೆ ಮೇಲಿನಿಂದ ಬೀಳುವ ಒತ್ತಡವನ್ನು ಅದು ತಡೆಯಲಾರದು. ನಾಚಬೇಕಾದ್ದೇನೂ ಇಲ್ಲ, ತೋಳಿನ ಸ್ನಾಯುವಿನಂತೆ ಇದನ್ನೂ ವ್ಯಾಯಾಮದಿಂದ ಗಟ್ಟಿಮಾಡಬಹುದು. ಆದರೆ ದಿನವೂ ಮಾಡಬೇಕು, ತಿಂಗಳುಗಟ್ಟಲೆ ಮಾಡಬೇಕು, ನಾಲ್ಕು ದಿನ ಮಾಡಿ ಗುಣ ಕಾಣಲಿಲ್ಲವೆಂದು ಬಿಡಬಾರದು.

ಹೆಂಡತಿಯ ಕಷ್ಟಕ್ಕೆ ಮರುಗಬೇಕಾದ ಆ ಗಳಿಗೆಯಲ್ಲಿ ನನ್ನ ಮನಸ್ಸು ನವಿಲಾಗಿ ಕುಣಿಯಿತೆಂಬುದನ್ನು ಮುಚ್ಚಿಡಲಾರೆ. ಕೆಟ್ಟಿದ್ದುದು ನನ್ನ ಹಾಸ್ಯವಲ್ಲ, ಅವಳ ಸ್ನಾಯು. ಛತ್ರಿ ನಿರ್ದೋಷಿ.

ನಾದಿನಿ ವ್ಯಾಯಾಮವನ್ನು ಕಲಿಸಿದಳು. ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಹಿಡಿಯುವಾಗ ಒಳಗೆ ಏನು ಬಿಗಿಯುತ್ತದೋ ಅದನ್ನು ಬಿಗಿಯಬೇಕು, ಮೇಲಕ್ಕೆ ಎಳೆದುಕೊಳ್ಳಬೇಕು, ಕೆಲವು ಎಣಿಕೆ ಹಿಡಿದು, ನಿಧಾನವಾಗಿ ಸಡಿಲಿಸಬೇಕು. ಬಿಗಿದಷ್ಟೇ ಹೊತ್ತು ವಿಶ್ರಾಂತಿಯನ್ನೂ ಕೊಡಬೇಕು. ಹೊಟ್ಟೆ, ತೊಡೆ, ಪೃಷ್ಠ ಯಾವುದೂ ಅಲುಗಬಾರದು, ಉಸಿರು ಕಟ್ಟಬಾರದು. ಗುರುತಿಗಾಗಿ ಅವಳು ಅಂಗೈಯನ್ನು ಚಾಚಿ, ಬೆರಳುಗಳನ್ನು ಮೆಲ್ಲಗೆ ಮಡಿಸಿ ಮುಷ್ಟಿ ಮಾಡಿ, ಆ ಮುಷ್ಟಿಯನ್ನು ಹೊಟ್ಟೆಯ ಮಟ್ಟದಿಂದ ಎದೆಯವರೆಗೆ ಏರಿಸಿ, ಅಲ್ಲಿ ಹಿಡಿದು, ಮತ್ತೆ ಇಳಿಸಿದಳು. ಸ್ನಾಯು ಒಳಗೆ ಮಾಡುವುದನ್ನು ಕೈ ಹೊರಗೆ ಹೀಗೆ ತೋರಿಸುತ್ತದೆ ಎಂದಳು. ಈ ಮುಷ್ಟಿಯನ್ನು ಓದುಗರು ನೆನಪಿನಲ್ಲಿಡಬೇಕು. ನನಗೆ ಅದು ಈ ಜನ್ಮದಲ್ಲಿ ಮರೆಯುವಂತಿಲ್ಲ.

ಹೆಂಡತಿಗೆ ಧೈರ್ಯ ಬರಲೆಂದು ಮೊದಲ ಪ್ರಯೋಗವನ್ನು ನಾನೇ ಮಾಡಿ ತೋರಿಸಿದೆ. ನಾದಿನಿ ಕಿತ್ತಳೆ ತಿನ್ನುವುದನ್ನು ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು.

"ಭಾವ, ನೀವು ಎತ್ತಿದ್ದು ಹುಬ್ಬು. ಉಸಿರು ಬಿಡಿ, ಕೆಂಪಗಾಗ್ತಿದ್ದೀರ. ಗಂಡಸರಿಗೂ ಇದೇ ಸ್ನಾಯು ಇದೆ, ನಿಮ್ಮ ವಯಸ್ಸಿಗೆ ನೀವೂ ಅಕ್ಕನ ಜೊತೆ ಮಾಡಿದ್ರೆ ಒಳ್ಳೇದು."

ನಾನು ನಕ್ಕು, ನಮ್ಮ ವಂಶದ ಗಂಡಸರು ಕಲ್ಲಿನಲ್ಲಿ ಕಡೆದವರೆಂದೂ, ನನ್ನ ತಂದೆಯವರು ಕೊನೆಯವರೆಗೂ ಗುಡುಗಿನಂತೆ ಸೀನುತ್ತಿದ್ದರೆಂದೂ, ನನಗೆ ವ್ಯಾಯಾಮಕ್ಕಿಂತ ಮೇಲ್ವಿಚಾರಣೆಯೇ ಒಪ್ಪುವ ಕೆಲಸವೆಂದೂ ತಿಳಿಸಿದೆ.

ಆ ಮೇಲ್ವಿಚಾರಣೆಯಲ್ಲಿಯೇ ತೊಡಕು ಎದುರಾಯಿತು. ಲೋಕದ ಉಳಿದ ವ್ಯಾಯಾಮಗಳೆಲ್ಲ ಕಣ್ಣಿಗೆ ಕಾಣುವಂಥವು. ಇದು ಹಾಗಲ್ಲ. ಮರುದಿನ ಬೆಳಿಗ್ಗೆ ನಾನು ಎದುರು ಕುರ್ಚಿಯಲ್ಲಿ ಕುಳಿತು, "ಆರಂಭಿಸು" ಎಂದೆ. ಅವಳು ಸುಮ್ಮನೆ ಕುಳಿತಿದ್ದಳು.

"ಮಾಡ್ತಿದ್ದೀಯಾ?"

"ಮಾಡ್ತಿದ್ದೀನಿ."

"ಏನೂ ಕಾಣಿಸ್ತಾ ಇಲ್ವಲ್ಲ."

"ಕಾಣಿಸಿದ್ರೆ ತಪ್ಪು ಮಾಡ್ತಿದ್ದೀನಿ ಅಂತ ಅರ್ಥ."

"ಹಾಗಾದ್ರೆ ಮಾಡ್ತಿರೋದಕ್ಕೂ ಮಾಡದೆ ಇರೋದಕ್ಕೂ ವ್ಯತ್ಯಾಸ ತಿಳಿಯೋದು ಹೇಗೆ?"

"ನಿಮಗ್ಯಾಕ್ರೀ ತಿಳೀಬೇಕು? ಸ್ನಾಯು ನಂದು."

ಆಲೋಚಿಸಿದರೆ ಪ್ರಾರ್ಥನೆಯೂ ಹೀಗೆಯೇ ಅಲ್ಲವೇ? ಒಳಗೆ ನಡೆಯತಕ್ಕದ್ದು, ಹೊರಗೆ ತೋರಿಸಹೊರಟರೆ ಕೆಟ್ಟುಹೋಗತಕ್ಕದ್ದು. ಈ ತತ್ತ್ವ ನನಗೆ ಹೊಳೆದು ಮೈ ಪುಲಕಗೊಂಡಿತು. ಆದರೆ ಮೇಲ್ವಿಚಾರಕನಾದವನು ಪುಲಕಗೊಂಡು ಸುಮ್ಮನಿರುವಂತಿಲ್ಲ. ಕಾಣದಿದ್ದರೇನು, ಕಾಲವನ್ನಾದರೂ ಅಳೆಯೋಣವೆಂದುಕೊಂಡೆ. ಗಡಿಯಾರವನ್ನು ನೋಡಿ ಒಂದು, ಎರಡು ಎಂದು ಎಣಿಸುವುದು ಪಾಮರರ ಪದ್ಧತಿ. ನಾನು ಕಪಾಟಿನಿಂದ ಹಳೆಯ ಗದ್ಯದ ಗ್ರಂಥವನ್ನು ಇಳಿಸಿದೆ. ವಾಕ್ಯ ಮೊದಲಾದಾಗ ಬಿಗಿಯಬೇಕು, ವಾಕ್ಯ ಮುಗಿದಾಗ ಸಡಿಲಿಸಬೇಕು. ದೇಹಕ್ಕೆ ಬಲ, ಕಿವಿಗೆ ಸಾಹಿತ್ಯ.

ನನ್ನ ಸ್ವರ ಅಂದು ಬಹಳ ಚೆನ್ನಾಗಿತ್ತು. ಅರಸನು ಸಿಂಹಾಸನದಲ್ಲಿ ಕುಳಿತಿದ್ದ ವಾಕ್ಯ. ಅವನ ಕಿರೀಟ, ಕಿರೀಟದ ಮಣಿ, ಮಣಿಯ ಕಾಂತಿ, ಕಾಂತಿಗೆ ಸೋತ ಚಂದ್ರ, ಚಂದ್ರನನ್ನು ಕಂಡರಳಿದ ನೈದಿಲೆ ಎಂದು ಒಂದರ ತುದಿಯಿಂದ ಇನ್ನೊಂದು ಟಿಸಿಲೊಡೆಯುತ್ತ, ಅರಸನು ಇನ್ನೂ ಕ್ರಿಯಾಪದದ ಮುಖವನ್ನೇ ಕಂಡಿರಲಿಲ್ಲ. ನಾನು ಪುಟ ತಿರುಗಿಸಿದೆ.

"ರೀ, ಆ ರಾಜ ಕೂತ್ಕೊಂಡನೋ ಇಲ್ವೋ?" ಎಂದು ಹೆಂಡತಿ ಕ್ಷೀಣಸ್ವರದಲ್ಲಿ ಕೇಳಿದಳು.

"ಇನ್ನೂ ನೈದಿಲೆಯಲ್ಲಿದ್ದಾನೆ. ಹಿಡಿದಿರು."

ಮೂರನೆಯ ದಿನಕ್ಕೆ ಅವಳಿಗೆ ಸೊಂಟವೆಲ್ಲ ನೋವು. ನಾದಿನಿ ಬಂದು ವಿಚಾರಿಸಿದಳು. ಗ್ರಂಥವನ್ನು ತಿರುವಿ ವಾಕ್ಯದ ಅಳತೆಯನ್ನು ನೋಡಿದಳು. ಅಷ್ಟು ಹೊತ್ತು ಹಿಡಿದರೆ ಸ್ನಾಯು ಬಲಿಯುವುದಿಲ್ಲ, ದಣಿದು ಕೂರುತ್ತದೆ ಎಂದು ನನಗೆ ಬುದ್ಧಿ ಹೇಳಿ ಗ್ರಂಥವನ್ನು ಕಪಾಟಿಗೆ ಸೇರಿಸಿದಳು. ಹೀಗೆ ನನ್ನ ಮೇಲ್ವಿಚಾರಣೆ ಮುಕ್ತಾಯಗೊಂಡಿತು.

ಅಲ್ಲಿಂದ ಮುಂದೆ ನನ್ನ ಹೆಂಡತಿ ತನ್ನಷ್ಟಕ್ಕೆ ತಾನು ಸಾಧನೆ ನಡೆಸಿದಳು. ಹಲ್ಲುಜ್ಜುವಾಗ ಮಾಡಿದಳು, ಬಸ್ಸಿಗೆ ಕಾಯುವಾಗ ಮಾಡಿದಳು, ತರಕಾರಿ ಹೆಚ್ಚುವಾಗ ಮಾಡಿದಳು. ಮುಖ್ಯವಾಗಿ ಯಾವಾಗ ಮಾಡುತ್ತೀ ಎಂದು ಒಮ್ಮೆ ಕೇಳಿದ್ದಕ್ಕೆ, "ನೀವು ಮಾತಾಡುವಾಗ. ಬೇಕಾದ್ದಕ್ಕಿಂತ ಜಾಸ್ತಿನೇ ಟೈಮ್ ಸಿಗುತ್ತೆ" ಎಂದಳು. ನನ್ನ ಮಾತು ಅವಳಿಗೆ ಒಂದಲ್ಲ ಒಂದು ರೀತಿಯಲ್ಲಿ ಉಪಕಾರಿಯಾಯಿತಲ್ಲ ಎಂದು ಸಮಾಧಾನಪಟ್ಟೆ.

ಗುಣ ಕಾಣುವುದಕ್ಕೆ ತಿಂಗಳುಗಳೇ ಹಿಡಿದವು. ನಡುವೆ ಒಮ್ಮೆ, ಏನೂ ಆಗುತ್ತಿಲ್ಲವೆಂದು ಅವಳು ಕಣ್ಣೀರು ತಂದುಕೊಂಡದ್ದೂ ಉಂಟು. ಆ ದಿನ ನಾನು ಯಾವ ತಮಾಷೆಯನ್ನೂ ಮಾಡದೆ ಅವಳ ಪಕ್ಕದಲ್ಲಿ ಸುಮ್ಮನೆ ಕುಳಿತೆ. ಅದರಿಂದ ಸ್ವಲ್ಪ ಹಗುರವಾಯಿತೆಂದು ಅವಳೇ ಆಮೇಲೆ ಹೇಳಿದಳು. (ಯಾವುದರಿಂದ, ಕುಳಿತದ್ದರಿಂದಲೋ ತಮಾಷೆ ಮಾಡದಿದ್ದದ್ದರಿಂದಲೋ ಎಂದು ನಾನು ಕೆದಕಲಿಲ್ಲ.) ಆಮೇಲೆ ಒಂದು ಸಂಜೆ ಅಡುಗೆಮನೆಯಲ್ಲಿ ಮೆಣಸಿನಪುಡಿಯ ಡಬ್ಬಿ ಕೆಳಗೆ ಬಿತ್ತು. ಸೀನಿನ ಮೇಲೆ ಸೀನು. ನಾನು ಓಡಿಹೋಗಿ ನೋಡಿದರೆ ಅವಳು ತ್ರಿಭಂಗಿಯಲ್ಲಿರಲಿಲ್ಲ. ಎರಡು ಕಾಲಿನ ಮೇಲೆ ನೆಟ್ಟಗೆ, ಸೇನಾನಿಯಂತೆ ನಿಂತಿದ್ದಳು. "ಒಂದು ಹನಿಯೂ ಇಲ್ಲ" ಎಂದಳು, ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸುತ್ತ. ಮರುದಿನ ಗೇಟಿನ ಮುಂದಿನ ಗುಂಡಿಯನ್ನು ಹಾರಿ ದಾಟಿದಳು. ಹಿಂದಿರುಗಿ ನೋಡಿ, ಬೇಕೆಂದೇ ಇನ್ನೊಮ್ಮೆ ಹಾರಿದಳು. ಅದೇ ಸಂಜೆ, ನನ್ನ ಬೀಳ್ಕೊಡುಗೆಗೆ ಬರುವೆನೆಂದು ತಾನಾಗಿಯೇ ಹೇಳಿದಳು.

ಮನೆಯಲ್ಲಿ ನನ್ನ ತಮಾಷೆಗಳಿಗೆ ಮಾತ್ರ ಇನ್ನೂ ನಗುತ್ತಿರಲಿಲ್ಲ. ಎಲ್ಲವನ್ನೂ ಆ ದಿನಕ್ಕಾಗಿ ಕೂಡಿಡುತ್ತಿದ್ದಾಳೆಂದು ನಾನು ತಿಳಿದೆ.

ಆ ದಿನ ಬಂತು. ಸಭಾಂಗಣ ಕಿಕ್ಕಿರಿದಿತ್ತು. ಪ್ರಾಂಶುಪಾಲರು ನನಗೆ ಮಗುವಿನ ಗಾತ್ರದ ಹೂಗುಚ್ಛವನ್ನು ಕೊಟ್ಟರು. ಮುಂದಿನ ಸಾಲಿನ ನಡುವೆ ನನ್ನ ಹೆಂಡತಿ, ಅವಳ ಪಕ್ಕದಲ್ಲಿ ನಾದಿನಿ, ಅವರ ಹಿಂದೆ, ಆ ಭುಜವು ಚೆನ್ನಾಗಿ ಕಾಣುವ ಕುರ್ಚಿಯನ್ನೇ ಆರಿಸಿಕೊಂಡು, ಗಣಿತದ ಮೇಷ್ಟ್ರು. ನಾನು ದೇವರನ್ನು ನೆನೆದು ಛತ್ರಿಯನ್ನು ಕೈಗೆತ್ತಿಕೊಂಡೆ. ಮಳೆ ಬಂತು, ಬಸ್ಸು ಬಂತು, ಛತ್ರಿ ಕಳೆಯಿತು, ಸಿಕ್ಕಿತು, ಯಾರದೆಂದು ಜಗಳವಾಯಿತು, ಅದು ನನ್ನದೇ ಎಂದು ತಿಳಿಯಿತು. ಇಲ್ಲಿ ನಗಬೇಕು. ನಾನು ಮಾತು ನಿಲ್ಲಿಸಿ ಹೆಂಡತಿಯನ್ನು ನೋಡಿದೆ.

ಅವಳು ಪ್ರಸನ್ನವದನೆಯಾಗಿ ಕುಳಿತಿದ್ದಳು. ಮೂಗಿನಲ್ಲಿ ಸೀಟಿಯಿಲ್ಲ, ಭುಜದಲ್ಲಿ ಚಲನೆಯಿಲ್ಲ. ಭುಜ ಕುಣಿಯದಿದ್ದುದರಿಂದ ಮೇಷ್ಟ್ರು ನಗಲಿಲ್ಲ. ಸಭೆ ಕಾಯುತ್ತಿತ್ತು. ಫ್ಯಾನು ತಿರುಗುತ್ತಿತ್ತು.

ಪಾಪ, ಹಳೆಯ ಭಯ ಮತ್ತೆ ಬಂದಿದೆ, ನಗೆಯನ್ನು ಬಿಡಲು ಅಂಜುತ್ತಿದ್ದಾಳೆ ಎಂದುಕೊಂಡೆ. ಧೈರ್ಯ ಹೇಳಬೇಕು, ಧ್ವನಿವರ್ಧಕದಲ್ಲಿ ಹೇಳುವಂಥ ಮಾತಲ್ಲ. ಹೂಗುಚ್ಛವನ್ನು ಮೇಜಿನ ಮೇಲಿಟ್ಟು, ಬಲಗೈಯನ್ನು ಚಾಚಿದೆ. ಬೆರಳುಗಳನ್ನು ಮೆಲ್ಲಗೆ ಮಡಿಸಿ ಮುಷ್ಟಿ ಮಾಡಿದೆ. ಅವಳನ್ನೇ ನೋಡುತ್ತ, ಮುಷ್ಟಿಯನ್ನು ಹೊಟ್ಟೆಯ ಮಟ್ಟದಿಂದ ಎದೆಯವರೆಗೆ ಗಂಭೀರವಾಗಿ ಏರಿಸಿ ಅಲ್ಲಿಯೇ ಹಿಡಿದೆ.

ಗಣಿತದ ಮೇಷ್ಟ್ರು ಒಂದು ಕ್ಷಣ ಯೋಚಿಸಿದರು. ಮೂವತ್ತು ವರ್ಷದ ಸಹೋದ್ಯೋಗಿ ಮಾತು ಹೊರಡದೆ, ಕೊನೆಯ ವಂದನೆಯನ್ನು ಸಲ್ಲಿಸುತ್ತಿದ್ದಾನೆಂದು ಅವರಿಗೆ ತೋರಿರಬೇಕು. ಎದ್ದು ನಿಂತು, ತಾವೂ ಮುಷ್ಟಿ ಮಾಡಿ, ಎದೆಯವರೆಗೆ ಏರಿಸಿ ಹಿಡಿದರು. ಅವರನ್ನು ಕಂಡು ಗ್ರಂಥಪಾಲಕಿ ಎದ್ದರು. ಅವರನ್ನು ಕಂಡು ಇಂಗ್ಲಿಷಿನವರು, ಇತಿಹಾಸದವರು, ಕಚೇರಿಯವರು, ಹಿಂದಿನ ಸಾಲುಗಳ ವಿದ್ಯಾರ್ಥಿಗಳು. ವೇದಿಕೆಯ ಮೇಲೆ ಪ್ರಾಂಶುಪಾಲರು ಗದ್ಗದಿತರಾಗಿ ಎರಡೂ ಕೈಯ ಮುಷ್ಟಿಗಳನ್ನು ಏರಿಸಿದರು. ಇಡೀ ಕಾಲೇಜು ನಿಶ್ಶಬ್ದವಾಗಿ, ಒದ್ದೆಗಣ್ಣಿನಿಂದ, ಹಿಡಿದು ನಿಂತಿತು. ದಿಗ್ಭ್ರಮೆಗೊಂಡ ನಾನು ಮುಷ್ಟಿಯನ್ನು ನಿಧಾನವಾಗಿ ಇಳಿಸಿದೆ (ನಿಧಾನವಾಗಿಯೇ ಇಳಿಸಬೇಕೆಂದು ನಾದಿನಿ ಕಲಿಸಿದ್ದಳು). ಸಭೆಯೂ ನಿಧಾನವಾಗಿ ಇಳಿಸಿತು.

ನಾದಿನಿ ತನ್ನ ಮುಖವನ್ನು ಕೈಚೀಲದೊಳಗೆ ಇಟ್ಟುಕೊಂಡಿದ್ದಳು. ಮುಂದಿನ ಸಾಲಿನಿಂದ ಸಣ್ಣದೊಂದು ಸೀಟಿ ಕೇಳಿಸಿತು.

ಬಳಿಕ ಭುಜ. ಬಳಿಕ ಬಾವಿಗೆ ಬಿದ್ದ ಕೊಡ. ತಿಂಗಳುಗಟ್ಟಲೆ ಕಟ್ಟಿಟ್ಟ ನಗು ಕಟ್ಟೆಯೊಡೆದು ಹರಿಯಿತು. ಅವಳು ಹೊಟ್ಟೆ ಹಿಡಿದುಕೊಂಡು, ಕಾಲು ಚಾಚಿಕೊಂಡು, ಯಾವ ಮೊಣಕಾಲನ್ನೂ ಯಾವುದಕ್ಕೂ ಹೆಣೆಯದೆ, ಮನಸಾರೆ ನಕ್ಕಳು. ಮೇಷ್ಟ್ರು ನಕ್ಕರು. ಸಭೆ ನಕ್ಕಿತು. ಅವಳ ಆ ಮುಖವನ್ನು ಕಂಡು ನನಗೂ ತಡೆಯಲಾಗಲಿಲ್ಲ, ನಾನೂ ನಕ್ಕೆ. ಜೀವಮಾನದಲ್ಲಿ ಹಾಗೆ ನಕ್ಕವನಲ್ಲ. ನಕ್ಕು ನಕ್ಕು ಮೇಜಿಗೆ ಒರಗಿದಾಗ ನನ್ನೊಳಗೆ, ಎಲ್ಲೋ ಕೆಳಗೆ, ಏನೋ ಒಂದು ಸಡಿಲವಾಯಿತು. ಪ್ರವಾಹವೆಂಬುದು ಆ ಗಳಿಗೆಯಿಂದ ನನಗೆ ಅಲಂಕಾರವಾಗಿ ಉಳಿಯಲಿಲ್ಲ.

ದೇವರು ದೊಡ್ಡವನು, ಹೂಗುಚ್ಛ ಕೈಗೆಟಕುವಲ್ಲಿತ್ತು. ಅದನ್ನು ಎತ್ತಿಕೊಂಡು ಅಗತ್ಯವಾದ ಎತ್ತರದಲ್ಲಿ ಹಿಡಿದೆ. ಛಾಯಾಗ್ರಾಹಕ ಬಂದು, "ಸರ್, ಹೂವು ಸ್ವಲ್ಪ ಮೇಲೆ ಹಿಡೀರಿ" ಎಂದು ಮತ್ತೆ ಮತ್ತೆ ಬೇಡಿಕೊಂಡ. ನಾನು ವಿನಯದಿಂದ ಇನ್ನೂ ಕೆಳಗೆ ಹಿಡಿದೆ. ಮನೆಯ ಬಾಗಿಲಿನವರೆಗೂ ಹಾಗೆಯೇ ಹಿಡಿದು ಬಂದೆ.

ಹೆಂಡತಿ ಒಗೆದ ಪೈಜಾಮವನ್ನು ತಂದು ಬಚ್ಚಲಿನ ಬಾಗಿಲಿಗೆ ತೂಗಿಹಾಕಿದಳು. ನಾನು ಹೊರಗೆ ಬಂದ ಮೇಲೆ, ಮಾತು ಬೇರೆಡೆಗೆ ತಿರುಗಲೆಂದು, ಛತ್ರಿಗೆ ಏಕೆ ನಗಲಿಲ್ಲವೆಂದು ಆಕ್ಷೇಪಿಸಿದೆ.

"ಆ ಛತ್ರಿಗೆ ನಾನು ಯಾವತ್ತು ನಕ್ಕಿದ್ದೆ? ನಗೋ ಜಾಗ ಹತ್ರ ಬಂದಹಾಗೆ ನಿಮ್ಮ ಹುಬ್ಬು ಮೇಲೆ ಹೋಗುತ್ತಲ್ಲ, ಅದನ್ನ ನೋಡಿ ತಡೆಯೋಕಾಗದೆ ನಗ್ತಿದ್ದೆ. ಈಗ ತಡೆಯೋ ಶಕ್ತಿ ಬಂದಿದೆ" ಎಂದಳು.

ಮರುದಿನ ಬೆಳಿಗ್ಗೆ ನಾನು ದೇವರಿಗೆ ಕೈಮುಗಿದು ಏಳುವಷ್ಟರಲ್ಲಿ ಅವಳು ಎದುರು ಕುರ್ಚಿಯಲ್ಲಿ ಸಿದ್ಧಳಾಗಿದ್ದಳು. ಮಡಿಲಲ್ಲಿ ಹಳೆಯ ಗದ್ಯದ ಗ್ರಂಥ. ಅಷ್ಟು ಹೊತ್ತು ಹಿಡಿಯಬಾರದೆಂದು ನಿನ್ನ ತಂಗಿಯೇ ಹೇಳಿದ್ದಾಳೆ ಎಂದು ನಾನು ನೆನಪಿಸಿದೆ.

"ಅದು ನನಗೆ ಹೇಳಿದ್ದು. ನೀವು ಕಲ್ಲಿನಲ್ಲಿ ಕಡೆದವರು. ಹುಬ್ಬು ಇಳಿಸಿ. ಹ್ಞಾಂ, ಬಿಗೀರಿ."

ಅರಸನು ಸಿಂಹಾಸನವನ್ನು ಏರಿದ. ಅವಳು ಕಿರೀಟವನ್ನು ಓದಿದಳು, ಮಣಿಯನ್ನು ಓದಿದಳು, ಕಾಂತಿಯ ಬಳಿ ನಿಲ್ಲಿಸಿ ಕನ್ನಡಕ ಒರೆಸಿಕೊಂಡಳು. ಮೂವತ್ತು ವರ್ಷ ಆ ವಾಕ್ಯವನ್ನು ಪಾಠ ಹೇಳಿದವನು ನಾನು. ಅದರ ಪೂರ್ಣವಿರಾಮ ಪುಟದ ಆಚೆಗಿದೆಯೆಂದು ನನಗೆ ಗೊತ್ತು. ಪುಟ ತಿರುಗಿಸುವ ಮೊದಲು ಅವಳು ಚಹಾದ ಲೋಟವನ್ನು ಎತ್ತಿಕೊಂಡಳು.